ಹನ್ನೂರಿನ ಶಾಲೆಯ ಪ್ರಬಂಧ

ಇಂದು ಬಿ.ಎಡ್. ಪದವಿ ಪಡೆದ ಮಿತ್ರರೇ,

ನಿಮ್ಮಲ್ಲಿ ಹಲವರು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಿಗೆ ಹೋಗುವವರು. ಪಾಠಯೋಜನೆ ಬರೆದು ಬರೆದು ನಿಮ್ಮ ಬೆರಳು ಪಳಗಿವೆ. ಆ ಯೋಜನೆಯಲ್ಲಿ ಎಲ್ಲೂ ಬಾರದ ಒಂದು ಗಳಿಗೆಯ ಬಗ್ಗೆ ಮಾತಾಡುತ್ತೇನೆ. ತರಗತಿಯಲ್ಲಿ ಒಬ್ಬರು ಇನ್ನೊಬ್ಬರ ಜಾತಿಯನ್ನೋ ಧರ್ಮವನ್ನೋ ಮನೆಮಾತನ್ನೋ ಎತ್ತಿ ಹೀಯಾಳಿಸಿದಾಗ ನೀವೇನು ಮಾಡುತ್ತೀರಿ?

ಮರಾಠಿಯ ದೊಡ್ಡ ಲೇಖಕ, 2020ರ ಸರಸ್ವತಿ ಸಮ್ಮಾನ ಪಡೆದ ಶರಣಕುಮಾರ ಲಿಂಬಾಳೆ 1956ರಲ್ಲಿ ಹುಟ್ಟಿದ್ದು ಇದೇ ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ. ಅವರ ಆತ್ಮಕಥೆ ‘ಅಕ್ಕರಮಾಶಿ’ಯಲ್ಲಿ ಶಾಲೆಯ ಮಕ್ಕಳು ವನಭೋಜನಕ್ಕೆ ಹೋದ ಪ್ರಸಂಗವಿದೆ. ಮೇಲ್ಜಾತಿಯ ಮಕ್ಕಳು ಒಂದು ಕಡೆ ಕೂತರು, ಮಹಾರ ಮಕ್ಕಳು ಬೇರೆ ಕಡೆ. ಅವರು ಉಂಡು ಮಿಕ್ಕಿದ್ದು ಇವರ ಪಾಲಿಗೆ ಬಂತು. ಆಮೇಲೆ ಮಾಸ್ತರರು ಆ ವನಭೋಜನದ ಮೇಲೆಯೇ ಪ್ರಬಂಧ ಬರೆಯಲು ಹೇಳಿದರು. ಹುಡುಗ ಲಿಂಬಾಳೆಯ ಕೈ ಓಡಲಿಲ್ಲ. ಮಾಸ್ತರರು ಅವನ ಜಾತಿಯವರ ಊಟವನ್ನೆತ್ತಿ ಬೈದರು.

ಇಲ್ಲಿ ಹೀಯಾಳಿಸಿದವರು ಮಕ್ಕಳಲ್ಲ, ಮಾಸ್ತರರೇ. ಹಾಗಾಗಿ ಮೊದಲ ಪರೀಕ್ಷೆ ನಮ್ಮ ಬಾಯಿಯದ್ದು. “ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ” ಎಂದು ತುಂಬಿದ ತರಗತಿಯಲ್ಲಿ ಕೂಗುವುದನ್ನು ನಾವು ಕಚೇರಿ ಕೆಲಸ ಎಂದುಕೊಳ್ಳುತ್ತೇವೆ. ಎದ್ದು ನಿಂತ ಮಗುವಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ.

ಇನ್ನು ಮಕ್ಕಳು ಆಡುವ ಮಾತು. ಕನ್ನಡ ಶಾಲೆಯಿಂದ ಸೊಲ್ಲಾಪುರದ ಕಾಲೇಜಿಗೆ ಹೋದ ಹುಡುಗಿ ಮರಾಠಿ ಮಾತಾಡುವಾಗ ಲಿಂಗ ತಪ್ಪುತ್ತಾಳೆ. ನಮ್ಮಲ್ಲಿ ಕುರ್ಚಿ, ಮೇಜು ಎಲ್ಲವೂ ‘ಅದು’ ತಾನೇ. ಹಿಂದಿನ ಬೆಂಚು ನಗುತ್ತದೆ. ಅದೇ ಹುಡುಗಿ ತನ್ನೂರಿಗೆ ಮರಳಿ ಪಾರಧಿ ಹುಡುಗನೊಬ್ಬನನ್ನು ಕಳ್ಳ ಎನ್ನಬಹುದು. ಪಾರಧಿಗಳಂಥ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿದ್ದ 1871ರ ಅಪರಾಧಿ ಬುಡಕಟ್ಟು ಕಾಯ್ದೆ 1952ರಲ್ಲೇ ಹೋಯಿತು, ಬೈಗುಳ ಹೋಗಲಿಲ್ಲ. ನಗೆಗೀಡಾದವರು ನಗುವುದನ್ನು ಬಿಡುತ್ತಾರೆಂದು ನಾನಂತೂ ನಂಬಿಲ್ಲ.

ತರಗತಿಯಲ್ಲಿ ಇಂಥ ಮಾತು ಬಂದಾಗ ಪಾಠ ನಿಲ್ಲಿಸಿ. ಕೇಳಿಸದವರಂತೆ ಬೋರ್ಡಿನ ಕಡೆ ತಿರುಗಿದರೆ, ಮಾಸ್ತರರೂ ಒಪ್ಪಿದರು ಎಂದೇ ಇಡೀ ತರಗತಿ ತಿಳಿಯುತ್ತದೆ. ಹಾಗೆಂದು ಛಡಿ ಎತ್ತಬೇಡಿ, ಎಲ್ಲರೆದುರು ಕ್ಷಮೆ ಕೇಳಿಸಲೂ ಬೇಡಿ. ಹೆದರಿದ ಹುಡುಗ ಅದೇ ಮಾತನ್ನು ಮೈದಾನದಲ್ಲಿ ಇನ್ನಷ್ಟು ಜೋರಾಗಿ ಆಡುತ್ತಾನೆ. “ಈ ಮಾತು ಎಲ್ಲಿ ಕೇಳಿದೆ? ಹಾಗಂದರೆ ಏನು?” ಎಂದು ಮೆತ್ತಗೆ, ಆದರೆ ಬಿಡದೆ ಕೇಳಿ. ಉತ್ತರ ಹುಡುಕುತ್ತ ಅವನೇ ತಡವರಿಸುತ್ತಾನೆ. ಈ ತರಗತಿಯಲ್ಲಿ ಆ ಮಾತು ನಡೆಯುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ ಪಾಠಕ್ಕೆ ಮರಳಿ.

ನೊಂದ ಮಗುವನ್ನು ಮಾತ್ರ ಎಬ್ಬಿಸಿ “ನಿನಗೆ ಹೇಗನಿಸಿತು, ಹೇಳು” ಎನ್ನಬೇಡಿ. ತನ್ನ ಜಾತಿಯ ಪರವಾಗಿ ಭಾಷಣ ಮಾಡಲು ಅದು ಶಾಲೆಗೆ ಬಂದಿಲ್ಲ. ಬಿಡುವಿನಲ್ಲಿ ಒಬ್ಬಂಟಿಯಾಗಿ ಸಿಕ್ಕಾಗ ಮಾತಾಡಿಸಿ. ಒಂದು ವಾರ ಬಿಟ್ಟು ಮತ್ತೊಮ್ಮೆ ವಿಚಾರಿಸಿ.

ಇವೆಲ್ಲಕ್ಕಿಂತ ಕಷ್ಟದ್ದು ಶಿಕ್ಷಕರ ಕೋಣೆ. ಅಲ್ಲಿ ಚಹಾ ಕುಡಿಯುತ್ತ, ಸೇವೆಯಲ್ಲಿ ನಿಮಗಿಂತ ಇಪ್ಪತ್ತು ವರ್ಷ ಹಿರಿಯರೊಬ್ಬರು “ಈ ಮಂದಿಗೆ ಎಲ್ಲಿಂದ ವಿದ್ಯೆ ಹತ್ತಬೇಕ್ರಿ” ಎನ್ನುತ್ತಾರೆ. ಕೆಲವರು ನಗುತ್ತಾರೆ. ನೀವಿನ್ನೂ ಹೊಸಬರು, ವರ್ಗಾವಣೆಯ ಭಯವೂ ಇರುತ್ತದೆ. ಹುಡುಗನಿಗೆ ಕೇಳಿದ್ದನ್ನೇ ಅವರಿಗೂ ಕೇಳಿ: “ಹಂಗಂದ್ರೇನ್ರಿ ಸರ್?” ‘ರೀ’ಯನ್ನೂ ಬಿಡಬೇಡಿ, ಪ್ರಶ್ನೆಯನ್ನೂ ಬಿಡಬೇಡಿ.