ಅಚ್ಚಕ್ಕನ ಉಸಿರು



ಘಟಿಕೋತ್ಸವ ಎಂಬ ಪದ ಈ ಸೇಡಂ, ಚಿತ್ತಾಪುರದ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಮಗ್ಗುಲಿಗೇ ಇರುವ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿತ್ತು, ಅಂದರೆ ಆ ಕಾಲದ ವಿದ್ಯಾಪೀಠ. 1058ರ ಶಾಸನ ಅಲ್ಲಿಯ ಲೆಕ್ಕ ಕೊಡುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 50, ಪುಸ್ತಕಗಳನ್ನು ನೋಡಿಕೊಳ್ಳಲು 6 ಜನ ಸರಸ್ವತೀ ಭಂಡಾರಿಗರು. ಇನ್ನೂರೈವತ್ತು ಹುಡುಗರಿಗೆ ಆರು ಜನ ಗ್ರಂಥಪಾಲಕರು! ಈ ಮಾತನ್ನು ಪ್ರಾಚಾರ್ಯರ ಎದುರಿಗೆ ಆಡಬಾರದಿತ್ತೇನೋ, ಆಡಿದ್ದಾಯಿತು.

ನಾನು ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದವನು. ಹಾಗಾಗಿ ಒಬ್ಬ ಇಂಗ್ಲಿಷ್ ಕಾದಂಬರಿಕಾರನ ಬದುಕನ್ನು ಕಟ್ಟಿಕೊಂಡು ಬಂದಿದ್ದೇನೆ. ಗಾಬರಿಯಾಗಬೇಡಿ, ಆತ ಲಂಡನ್ನಿನವನಲ್ಲ. ಹಾಸನದಲ್ಲಿ 1908ರ ನವೆಂಬರ್ 8ರಂದು ಹುಟ್ಟಿದ ಕನ್ನಡದ ಹುಡುಗ, ರಾಜಾ ರಾವ್. ನಾಲ್ಕು ವರ್ಷದವನಿದ್ದಾಗ ತಾಯಿ ಹೋದರು. ತಂದೆ ಹೈದರಾಬಾದಿನಲ್ಲಿ ಮೇಷ್ಟರು. ಹುಡುಗ ಮದರಸಾ-ಎ-ಆಲಿಯಾದಲ್ಲಿ ಓದಿದ, ಅಲೀಗಢಕ್ಕೆ ಹೋದ, ಮತ್ತೆ ಹೈದರಾಬಾದಿಗೆ ಬಂದು ನಿಜಾಮ್ ಕಾಲೇಜು ಸೇರಿದ. 1929ರಲ್ಲಿ ಬಿ.ಎ. ಆಯಿತು. ಕಾಲೇಜು ಹೈದರಾಬಾದಿನದು, ಪದವಿ ಮಾತ್ರ ಮದ್ರಾಸ್ ವಿಶ್ವವಿದ್ಯಾಲಯದ್ದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಉರ್ದು, ತೆಲುಗು, ತರಗತಿಯಲ್ಲಿ ಇಂಗ್ಲಿಷ್. ಸೇಡಂ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತು ಕಿವಿಗೊಟ್ಟವರಿಗೆ ಇದೇನೂ ದೊಡ್ಡ ವಿಷಯವಲ್ಲ. ಅಲ್ಲಿ ಲಂಬಾಣಿ ಮಾತೂ ಸಿಗುತ್ತದೆ.

ಅದೇ ವರ್ಷ ಹೈದರಾಬಾದ್ ಸರ್ಕಾರದ ಏಷ್ಯಾಟಿಕ್ ಸ್ಕಾಲರ್‌ಷಿಪ್ ಸಿಕ್ಕಿತು. ಹುಡುಗ ಫ್ರಾನ್ಸಿನ ಮೊಂಪೆಲಿಯೆಗೆ ಹೊರಟ. ಆಗ ಸೇಡಂ, ಚಿಂಚೋಳಿ, ಚಿತ್ತಾಪುರ ಎಲ್ಲವೂ ನಿಜಾಮರ ಸಂಸ್ಥಾನ. ಜೋಳ, ತೊಗರಿ ಬೆಳೆದು ಕಂದಾಯ ಕಟ್ಟಿದವರ ಬೆವರೂ ಆ ಸರ್ಕಾರದ ಖಜಾನೆಯಲ್ಲಿತ್ತು. ಇಪ್ಪತ್ತರ ಹರೆಯದ ಆ ಹುಡುಗನ ಹಡಗಿನ ಖರ್ಚಿನಲ್ಲಿ ನಿಮ್ಮ ಮುತ್ತಜ್ಜನ ಪಾಲೂ ಇದೆ ಅಂತ ನಾನು ಲೆಕ್ಕ ಹಾಕುತ್ತೇನೆ. ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟಿನ ಧೂಳು ಕೊಡವಿಕೊಳ್ಳುತ್ತ ರೈಲು ಕಾಯುವಾಗಲೆಲ್ಲ ನನಗೆ ಟ್ರಂಕು ಹಿಡಿದ ಅವನು ಕಣ್ಣಿಗೆ ಕಟ್ಟುತ್ತಾನೆ. 1874ರಿಂದ ಹೈದರಾಬಾದಿನ ಹಳಿ ಮುಂಬೈ ಹಳಿಗೆ ಕೂಡುವುದು ಅಲ್ಲಿಯೇ.

ಫ್ರಾನ್ಸಿನಲ್ಲಿ ಕೈಗೆತ್ತಿಕೊಂಡ ಸಂಶೋಧನೆಯ ವಿಷಯ ಐರಿಷ್ ಸಾಹಿತ್ಯದ ಮೇಲೆ ಭಾರತದ ಪ್ರಭಾವ. ಮಾರ್ಗದರ್ಶಕರು ಸೊರ್ಬಾನ್‌ನ ಲೂಯಿ ಕಜಾಮಿಯಾ. 1933ರಲ್ಲಿ ಅದನ್ನು ಅಲ್ಲಿಗೇ ಬಿಟ್ಟರು. ಹೌದು, ಪಿಎಚ್.ಡಿ. ಮುಗಿಸಲಿಲ್ಲ. ಘಟಿಕೋತ್ಸವದಲ್ಲಿ ಹೇಳಬಾರದ ಎರಡನೆಯ ಮಾತು ಇದು. ಆದರೆ ಓದಿದ್ದು ನೀರುಪಾಲಾಗಲಿಲ್ಲ. ಐರ್ಲೆಂಡಿನವರು ತಮ್ಮನ್ನು ಆಳಿದವರ ಭಾಷೆಯನ್ನೇ ಹಿಡಿದು ಅದಕ್ಕೆ ತಮ್ಮ ಊರಿನ ರಾಗ ಕೂಡಿಸಿದ್ದನ್ನು ಅವರು ಹತ್ತಿರದಿಂದ ಕಂಡಿದ್ದರು. ಅದೇ ಹೊತ್ತಿಗೆ, 1931ರಿಂದ 33ರ ನಡುವೆ, ಧಾರವಾಡದ ‘ಜಯ ಕರ್ನಾಟಕ’ಕ್ಕೆ ಕನ್ನಡದಲ್ಲಿ ಲೇಖನ ಕಳಿಸುತ್ತಿದ್ದರು. ಮುಂದೆ ಇಂಗ್ಲಿಷಿನಲ್ಲಿ ಬರೆದ ದೊಡ್ಡ ಕಾದಂಬರಿಗೆ ಮೊದಲು ಅವರ ಕೈ ಪಳಗಿದ್ದರಲ್ಲಿ ಕನ್ನಡಕ್ಕೂ ಪಾಲುಂಟು.

1938ರಲ್ಲಿ ‘ಕಾಂತಾಪುರ’ ಲಂಡನ್ನಿನಲ್ಲಿ ಅಚ್ಚಾಯಿತು. ಗಾಂಧಿಯ ಗಾಳಿ ಒಂದು ಮಲೆನಾಡಿನ ಹಳ್ಳಿಗೆ ನುಗ್ಗಿದ ಕಥೆ. ಮೂರ್ತಿ ಎಂಬ ಹುಡುಗ, ಕಾಫಿ ತೋಟದ ಕೂಲಿಗಳು, ಊರನ್ನು ಕಾಯುವ ಕೆಂಚಮ್ಮ. ಇಷ್ಟೇ ಆಗಿದ್ದರೆ ಸ್ವಾತಂತ್ರ್ಯ ಹೋರಾಟದ ನೂರು ಕಾದಂಬರಿಗಳಲ್ಲಿ ಇನ್ನೊಂದು. ಬೆರಗು ಇರುವುದು ಹೇಳುವವಳಲ್ಲಿ. ಕಥೆ ಹೇಳುವವಳು ಅಚ್ಚಕ್ಕ ಎಂಬ ಮುದುಕಿ. ಜಗಲಿಯ ಮೇಲೆ ಕುಂತು ಎಲೆ-ಅಡಿಕೆ ಮೆಲ್ಲುತ್ತ ಹೇಳಿದಂತೆ, ಒಂದು ಸಾಲು ಮುಗಿಯಿತು ಅನ್ನುವಷ್ಟರಲ್ಲಿ ‘ಆಮೇಲೆ’ ಅಂತ ಇನ್ನೊಂದನ್ನು ಪೋಣಿಸುತ್ತಾಳೆ. ನಡುವೆ ದೇವಿಯ ಕಥೆ, ನಡುವೆ ನೆರೆಮನೆಯವಳ ಮೇಲೆ ಚಾಡಿ. ಆಡುವುದು ಇಂಗ್ಲಿಷು, ಉಸಿರು ಪೂರಾ ಕನ್ನಡದ್ದು. ನಮ್ಮಲ್ಲಿ ಪ್ರತಿ ಊರಿಗೂ ಸ್ಥಳಪುರಾಣ ಉಂಟು, ಈ ಕಾದಂಬರಿಯೂ ಅಂಥದ್ದೊಂದು ಅಂತ ಮುನ್ನುಡಿಯಲ್ಲಿ ಅವರೇ ಹೇಳಿಕೊಂಡರು. ಅತ್ತ ಯುರೋಪಿನ ನವ್ಯರು ಕಾದಂಬರಿಯ ಹಳೆಯ ಚೌಕಟ್ಟನ್ನು ಮುರಿಯುತ್ತಿದ್ದ ಕಾಲ ಅದು. ನಮ್ಮ ಹಾಸನದವರು ಅಜ್ಜಿಯ ಬಾಯಿಂದ ಅದನ್ನು ಮುರಿಸಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಫ್ರೆಂಚ್ ಹೆಂಡತಿಯೊಡನೆಯ ಸಂಸಾರ ಮುರಿಯಿತು. ಊರಿಗೆ ಮರಳಿದರು, 1942ರ ಚಳವಳಿಯಲ್ಲಿ ಭೂಗತರಾದರು, ತಿರುವನಂತಪುರದಲ್ಲಿ ಗುರುವನ್ನು ಕಂಡುಕೊಂಡರು. ಎರಡನೆಯ ಕಾದಂಬರಿ ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಬಂದದ್ದು 1960ರಲ್ಲಿ. ಇಪ್ಪತ್ತೆರಡು ವರ್ಷದ ಅಂತರ! ಇಂದು ರಾತ್ರಿಯೇ ಕೆಲಸ ಸಿಗಲಿಲ್ಲವೆಂದು ನಿದ್ದೆಗೆಡುವ ನಿಮಗೆ ಈ ಅಂಕಿ ಬೇಕಾಗಬಹುದು. ಆ ಪುಸ್ತಕದ ತತ್ತ್ವದ ಭಾರ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅಲ್ಲಿ ಅಚ್ಚಕ್ಕನಿಲ್ಲ, ಪಂಡಿತನೊಬ್ಬ ಮಾತಾಡುತ್ತಲೇ ಇರುತ್ತಾನೆ. ನಂತರ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪಾಠ, 1988ರಲ್ಲಿ ನ್ಯೂಸ್ಟಾಟ್ ಪ್ರಶಸ್ತಿ. 2006ರ ಜುಲೈ 8ರಂದು ಆಸ್ಟಿನ್ನಿನಲ್ಲಿ ತೀರಿಕೊಂಡರು.

ಬೇರೆ ಭಾಷೆಯಲ್ಲಿ ಬರೆಯುವುದೂ ಇಲ್ಲಿಗೆ ಹೊಸದಲ್ಲ. ಇದೇ ಸೇಡಂ ತಾಲೂಕಿನ ಮಳಖೇಡದಲ್ಲಿ ಕುಂತು ಪುಷ್ಪದಂತ ಎಂಬ ಕವಿ ಹತ್ತನೆಯ ಶತಮಾನದಲ್ಲಿ ಅಪಭ್ರಂಶದ ಮಹಾಪುರಾಣ ಬರೆದ. ಅದಕ್ಕೂ ನೂರು ವರ್ಷ ಮೊದಲು ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಕನ್ನಡದಲ್ಲಿ ಬಂದಿತ್ತು. ಕಾಗಿಣಾ ನದಿಯ ದಂಡೆ ಎರಡನ್ನೂ ಸಾಕಿತು. ಆದ್ದರಿಂದ ‘ಇಂಗ್ಲಿಷ್ ಬರಲ್ರೀ ಸರ್’ ಅಂತ ತಲೆ ತಗ್ಗಿಸುವ ಶಹಾಬಾದಿನ ಫರ್ಸಿ ಖಣಿಯ ಹುಡುಗನಿಗೂ, ‘ಕನ್ನಡ ಓದಿ ಏನು ಸಿಗ್ತದ’ ಅನ್ನುವ ಹುಡುಗಿಗೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿನ್ನ ಊರಿನ ಪುರಾಣ ಬರೆದವರು ಯಾರು?

ಕಾಂತಾಪುರದಲ್ಲಿ ಪೊಲೀಸರು ನುಗ್ಗುತ್ತಾರೆ, ಊರು ಬರಿದಾಗುತ್ತದೆ, ಹೆಂಗಸರು ಗುಳೆ ಹೋಗುತ್ತಾರೆ. ನಮ್ಮ ಹಳ್ಳಿಗಳಲ್ಲೂ ಅಂಥ ವರ್ಷ ಬಂದಿತ್ತು. ರಜಾಕಾರರ ಕಾಲ, ರಾತ್ರೋರಾತ್ರಿ ಗಡಿ ದಾಟಿದವರು, ಕಾಳು ಹುಗಿದಿಟ್ಟ ಹಗೇವು, ಕೊನೆಗೆ ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17. ಅದನ್ನು ಕಂಡ ಅಚ್ಚಕ್ಕಂದಿರು ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಇದ್ದರು. ಆಗ ಹತ್ತು ವರ್ಷದವಳಾಗಿದ್ದವಳಿಗೆ ಈಗ ತೊಂಬತ್ತರ ಹತ್ತಿರ. ಅಲ್ಲಿ ಹಿಂದಿನ ಸಾಲಿನಲ್ಲಿ ಬಿಳಿ ಸೆರಗು ಹೊದ್ದ ಒಬ್ಬರು ನನ್ನ ಭಾಷಣಕ್ಕೆ ತೂಕಡಿಸುತ್ತಿದ್ದಾರೆ. ಯಾರ ಅಜ್ಜಿಯೋ ಗೊತ್ತಿಲ್ಲ. ಗೌನು ಬಿಚ್ಚಿಟ್ಟು, ಊಟ ಮುಗಿಸಿ, ಮೊಬೈಲಿನ ರೆಕಾರ್ಡರ್ ಒತ್ತಿ ಪಕ್ಕದಲ್ಲಿ ಕುಂತುಕೊಳ್ಳಿ. ಅವರು ಮೊದಲು ನಿಮಗೆ ಲಗ್ನ ಯಾವಾಗ ಅಂತ ಕೇಳುತ್ತಾರೆ. ಕೇಳಲಿ ಬಿಡಿ, ರೆಕಾರ್ಡರ್ ನಿಲ್ಲಿಸಬೇಡಿ.