ಖಾರಿ ಬಾವಲಿಯಲ್ಲಿ ಬ್ಯಾಡಗಿಯ ಬಣ್ಣ

ದೆಹಲಿಯಲ್ಲಿ ಉತ್ಕೃಷ್ಟ ಆಹಾರ ಪದಾರ್ಥಗಳ ಮಾರುಕಟ್ಟೆ ಯಾವುದೆಂಬ ಪ್ರಶ್ನೆ ಬಂದಾಗ ಖಾನ್ ಮಾರ್ಕೆಟ್ಟಿನ ಹವಾನಿಯಂತ್ರಿತ ಮಳಿಗೆಗಳನ್ನೋ, ವಿದೇಶಿ ಚೀಸು, ಮೀನು, ಬೆಣ್ಣೆಹಣ್ಣುಗಳಿಗೆ ಹೆಸರಾದ ಐಎನ್‌ಎ ಮಾರ್ಕೆಟ್ಟನ್ನೋ ತೋರಿಸುವುದು ರೂಢಿ. ಆದರೆ ಪದಾರ್ಥದ ತಳಿ, ದರ್ಜೆ ಮತ್ತು ಸುಗ್ಗಿಯನ್ನು ನೋಡಿ ಬೆಲೆ ಕಟ್ಟುವ ಸ್ಥಳಕ್ಕೇ ಆ ಗೌರವ ಸಲ್ಲಬೇಕೆಂದಾದರೆ, ಅದು ಚಾಂದನಿ ಚೌಕದ ಪಶ್ಚಿಮದ ತುದಿಯಲ್ಲಿ, ಫತೇಪುರಿ ಮಸೀದಿಯ ಮಗ್ಗುಲಿನಿಂದ ಆರಂಭವಾಗುವ ಖಾರಿ ಬಾವಲಿಗೆ ಸಲ್ಲುತ್ತದೆ. ಹತ್ತಿರದ ಮೆಟ್ರೊ ನಿಲ್ದಾಣ, ಅಂಗಡಿಗಳ ವೇಳೆ, ರಜಾದಿನ ಇವೆಲ್ಲ ಫೋನಿನಲ್ಲಿಯೇ ಸಿಗುವುದರಿಂದ ಈ ಬರಹವು ಅವುಗಳನ್ನು ಬಿಟ್ಟು, ಅಲ್ಲಿನ ಒಂದೇ ಸರಕಿನ ಬೆನ್ನು ಹತ್ತುತ್ತದೆ. ಆ ಸರಕು ಕರ್ನಾಟಕದ್ದು, ಮತ್ತು ಅದಕ್ಕೆ ಅಂಟಿರುವ ಹೆಸರು ಕರ್ನಾಟಕದ್ದಲ್ಲ.

ಮೊದಲಿಗೆ ಸ್ಥಳದ ವಿಷಯ. ಖಾರಿ ಎಂದರೆ ಉಪ್ಪಾದ, ಬಾವಲಿ ಎಂದರೆ ಮೆಟ್ಟಿಲುಬಾವಿ. ಉಪ್ಪುನೀರಿನ ಆ ಬಾವಿಯನ್ನು ಹದಿನಾರನೆಯ ಶತಮಾನದಲ್ಲಿ, ಸೂರ್ ವಂಶದ ಇಸ್ಲಾಂ ಶಾಹನ ಕಾಲದಲ್ಲಿ ಕಟ್ಟಿಸಲಾಯಿತು. ಷಾಜಹಾನ್ ತನ್ನ ಹೊಸ ರಾಜಧಾನಿಯನ್ನು ಕಟ್ಟಲು ಆರಂಭಿಸಿದ್ದು 1639ರಲ್ಲಿ, ಅವನ ಬೇಗಂ ಫತೇಪುರಿ ಮಸೀದಿಯನ್ನು ಕಟ್ಟಿಸಿದ್ದು 1650ರಲ್ಲಿ ಎಂಬುದನ್ನು ನೆನೆದರೆ, ಈ ಬೀದಿಗೆ ಹೆಸರು ಕೊಟ್ಟ ಬಾವಿಯು ಹಳೆ ದೆಹಲಿಗಿಂತಲೂ ಹಳೆಯದು. ಈಗ ಬಾವಿಯ ಕುರುಹು ಉಳಿದಿಲ್ಲ. ಏಷ್ಯಾದ ಅತಿ ದೊಡ್ಡ ಮಸಾಲೆ ಮಾರುಕಟ್ಟೆ ಎಂಬ ಬಿರುದನ್ನು ಪ್ರವಾಸಿ ವಿಡಿಯೊಗಳೆಲ್ಲ ಸಾರುತ್ತವೆಯಾದರೂ, ಗಾತ್ರವೊಂದೇ ಮಾರುಕಟ್ಟೆಯ ಗುಣವನ್ನು ತಿಳಿಸುವುದಿಲ್ಲವಾದ್ದರಿಂದ ಆ ಚರ್ಚೆ ಇಲ್ಲಿ ಅನಗತ್ಯ.

ಇಲ್ಲಿನ ಮೆಣಸಿನಕಾಯಿ ಅಂಗಡಿಗಳ ಮುಂದೆ ಬಾಯಿ ತೆರೆದು ನಿಲ್ಲಿಸಿದ ಚೀಲಗಳಲ್ಲಿ ಅತ್ಯಂತ ಆಕರ್ಷಕವಾದದ್ದು ‘ಕಾಶ್ಮೀರಿ ಮಿರ್ಚ್’. ಉತ್ತರ ಭಾರತದ ಅಡುಗೆಯಲ್ಲಿ ಖಾರ ಹೆಚ್ಚಿಸದೆ ಕೆಂಪು ಬಣ್ಣ ಕೊಡುವ ಕಾಯಿ ಇದೆಂದು ಎಲ್ಲರೂ ಬಲ್ಲರು. ಕಾಶ್ಮೀರದ ತಂಪು ಹವೆಯಿಂದಲೇ ಈ ಬಣ್ಣ ಬಂತೆಂಬ ವಿವರಣೆಯೂ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಈ ವಿವರಣೆಯನ್ನು ಒಪ್ಪಲಾಗದು. ಕಣಿವೆಯಲ್ಲಿ ಬೆಳೆಯುವ ಮೆಣಸಿನಕಾಯಿಯ ಪ್ರಮಾಣವು ಇಡೀ ದೇಶದ ಹೋಟೆಲುಗಳಿಗೂ ಪುಡಿ ಕಾರ್ಖಾನೆಗಳಿಗೂ ಸಾಲುವಂಥದ್ದಲ್ಲ. ವ್ಯಾಪಾರದಲ್ಲಿ ಆ ಹೆಸರಿನಿಂದ ಓಡಾಡುವ ಕಾಯಿಯ ದೊಡ್ಡ ಪಾಲು ಹಾವೇರಿ, ಗದಗ, ಧಾರವಾಡ, ಬಳ್ಳಾರಿ, ರಾಯಚೂರುಗಳ ಹೊಲಗಳಲ್ಲಿ ಬೆಳೆದು, ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ತೂಗಿಸಿಕೊಂಡು ಬಂದ ಬ್ಯಾಡಗಿ ಕಾಯಿ ಅಥವಾ ಅದೇ ಬಗೆಯ ತಳಿ.

ಗುರುತು ಹಿಡಿಯುವುದು ಕಷ್ಟವಲ್ಲ. ಬ್ಯಾಡಗಿಯಲ್ಲಿ ಎರಡು ಬಗೆಗಳಿವೆ: ತೆಳ್ಳಗೆ ಉದ್ದವಾಗಿರುವುದು ಕಡ್ಡಿ, ಗಿಡ್ಡಗೆ ದುಂಡಗಿರುವುದು ಡಬ್ಬಿ. ಒಣಗಿದ ಡಬ್ಬಿಯ ಸಿಪ್ಪೆಯ ತುಂಬ ಆಳವಾದ ಸುಕ್ಕುಗಳಿರುತ್ತವೆ. ಚೂರನ್ನು ನೀರಿನಲ್ಲಿ ನೆನೆಸಿ ಬೆರಳುಗಳ ನಡುವೆ ಹಿಸುಕಿದರೆ ಕೆಂಪು ಕೈಗೆ ಹತ್ತುತ್ತದೆ, ಘಾಟು ಮಾತ್ರ ಮೂಗಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಪಕ್ಕದ ಚೀಲದ ಗುಂಟೂರು ಕಾಯಿ ಇದಕ್ಕೆ ತೀರ ವಿರುದ್ಧ: ನುಣುಪು ಸಿಪ್ಪೆ, ಕಣ್ಣಲ್ಲಿ ನೀರು ತರಿಸುವ ಖಾರ. ವ್ಯಾಪಾರಿಗಳೂ ಕಾರ್ಖಾನೆಗಳೂ ಬಣ್ಣವನ್ನು ಕಣ್ಣಳತೆಗೆ ಬಿಡದೆ ‘ಆಸ್ಟಾ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಮೆರಿಕದ ಮಸಾಲೆ ವ್ಯಾಪಾರ ಸಂಘವು ರೂಪಿಸಿದ ಈ ಮಾನದ ಅಂಕಿ ಏರಿದಷ್ಟೂ ಬಣ್ಣ ಗಾಢವೆಂದು ಅರ್ಥ. ಬ್ಯಾಡಗಿಯಿಂದ ತೆಗೆದ ಓಲಿಯೊರೆಸಿನ್, ಅಂದರೆ ಬಣ್ಣ ಮತ್ತು ಸತ್ವಗಳನ್ನೊಳಗೊಂಡ ಗಟ್ಟಿ ತೈಲ, ತುಟಿಬಣ್ಣ ಮತ್ತು ಉಗುರುಬಣ್ಣಗಳವರೆಗೂ ಹೋಗುತ್ತದೆ.

ಸ್ಪೇನಿನ ಉದಾಹರಣೆಯನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. ಮೆಣಸಿನಕಾಯಿ ಅಮೆರಿಕ ಖಂಡಗಳದ್ದು. ಕೊಲಂಬಸ್ಸನ ಮೊದಲ ಯಾನದ ನಂತರ, 1493ರಲ್ಲಿ ಸ್ಪೇನಿಗೆ ತಲುಪಿತು. ಭಾರತಕ್ಕೆ ಹದಿನಾರನೆಯ ಶತಮಾನದಲ್ಲಿ ತಂದವರು ಪೋರ್ಚುಗೀಸರು. ಹೀಗೆ ಹೊರಗಿನಿಂದ ಬಂದ ಕಾಯಿಯನ್ನೇ ಸ್ಪೇನಿನ ಲಾ ವೆರಾ ಎಂಬ ಪ್ರದೇಶದ ರೈತರು ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ, ಮತ್ತು ಪುಡಿಯ ಡಬ್ಬದ ಮೇಲೆ ಆ ಪ್ರದೇಶದ ಹೆಸರನ್ನು ಕಾನೂನಿನ ರಕ್ಷಣೆಯೊಡನೆ ಅಚ್ಚು ಹಾಕುತ್ತಾರೆ. ಸ್ಪೇನಿನಲ್ಲಿ ಎಲ್ಲವೂ ಮಾದರಿಯೆಂದಲ್ಲ: ಮ್ಯಾಡ್ರಿಡ್ಡಿನ ಸಾನ್ ಮಿಗೆಲ್ ಮಾರುಕಟ್ಟೆಯು, ಅಂದರೆ 1916ರ ಕಬ್ಬಿಣ ಮತ್ತು ಗಾಜಿನ ಕಟ್ಟಡದಲ್ಲಿ 2009ರಿಂದ ಹೊಸ ರೂಪದಲ್ಲಿ ನಡೆಯುತ್ತಿರುವ ರುಚಿಪ್ರಿಯರ ಮಾರುಕಟ್ಟೆಯು, ಪ್ರವಾಸಿಗರಿಗಾಗಿ ಸಿಂಗರಿಸಿಕೊಂಡಿದೆ ಎಂಬ ಆಕ್ಷೇಪ ಸರಿಯೇ ಇದ್ದೀತು. ಆದರೂ ಹುಟ್ಟಿದ ನೆಲದ ಹೆಸರನ್ನು ಸರಕಿನ ಜೊತೆಗೇ ಸಾಗಿಸುವ ಆ ದೇಶದ ಕ್ರಮ ಖಾರಿ ಬಾವಲಿಗೆ ಇನ್ನೂ ಬಂದಿಲ್ಲ ಎಂಬುದು ನೋವಿನ ಸಂಗತಿ.

ಇಲ್ಲೊಂದು ಸ್ಪಷ್ಟೀಕರಣ ಅಗತ್ಯ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿಯೇ ಭೌಗೋಳಿಕ ಸೂಚಕ, ಅಂದರೆ ನಿರ್ದಿಷ್ಟ ಪ್ರದೇಶದ ಉತ್ಪನ್ನಕ್ಕೆ ಮಾತ್ರ ಆ ಹೆಸರನ್ನು ಮೀಸಲಿಡುವ ಕಾನೂನು ಮಾನ್ಯತೆ, ದೊರೆತಿದೆ. ಬೇರೆ ಕಾಯಿಯನ್ನು ಬ್ಯಾಡಗಿ ಎಂದು ಮಾರುವುದನ್ನು ಈ ಮಾನ್ಯತೆ ತಡೆಯುತ್ತದೆ. ಬ್ಯಾಡಗಿಯನ್ನೇ ಹೆಸರು ಕಳಚಿ ಬೇರೊಂದರ ಹೆಸರಿನಲ್ಲಿ ಮಾರಿದಾಗ ಬ್ಯಾಡಗಿಯ ರೈತನಿಗೆ ಅದರಿಂದ ಹೆಚ್ಚಿನ ಆಸರೆ ಸಿಗುವುದಿಲ್ಲ. ಕಾಶ್ಮೀರದ ರೈತನೂ ಈ ಹೆಸರು ಬದಲಾವಣೆಯಿಂದ ನಷ್ಟಕ್ಕೊಳಗಾಗುತ್ತಾನೆ. ಅವನು ಬೆಳೆದ ಅಸಲಿ ಕಾಯಿಯನ್ನು ಗುರುತಿಸುವವರೇ ಇಲ್ಲವಾಗುತ್ತಾರೆ.

ಹೆಸರಿನ ಈ ಪ್ರಶ್ನೆ ಹೊಟ್ಟೆಪಾಡಿನದೂ ಹೌದು. ಸೋಮವಾರ ಮತ್ತು ಗುರುವಾರಗಳಂದು ಬ್ಯಾಡಗಿಯ ಕೃಷಿ ಮಾರುಕಟ್ಟೆಯಲ್ಲಿ ಟೆಂಡರ್ ಮೂಲಕ ಧಾರಣೆ ನಿಗದಿಯಾಗುತ್ತದೆ, ಮತ್ತು 2024ರ ಮಾರ್ಚ್ 11ರಂದು, ಧಾರಣೆ ದಿಢೀರನೆ ಕುಸಿದಾಗ, ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯಿಟ್ಟದ್ದು ಸಮರ್ಥನೀಯವಲ್ಲ. ಆದರೆ ಕೊಳ್ಳುವ ಗ್ರಾಹಕನಿಗೆ ಕಾಯಿ ಬೆಳೆದ ಊರಿನ ಹೆಸರೇ ತಿಳಿಯದಿರುವಾಗ, ಒಳ್ಳೆಯ ಬಣ್ಣಕ್ಕೆ ದೆಹಲಿಯಲ್ಲಿ ಸಿಗುವ ಹೆಚ್ಚಿನ ಬೆಲೆಯಲ್ಲಿ ಪಾಲು ಕೇಳಲು ರೈತನಿಗೆ ಯಾವ ಆಧಾರವೂ ಉಳಿಯುವುದಿಲ್ಲ.

ಖಾರಿ ಬಾವಲಿಯ ಉಳಿದ ಸರಕುಗಳನ್ನು ಬೇಗನೆ ಹೇಳಿ ಮುಗಿಸಬಹುದು. ಏಲಕ್ಕಿಯನ್ನು ಜರಡಿಯಿಂದ ಬೇರ್ಪಡಿಸಿ ಮಿಲಿಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಎಂಟು ಮಿಲಿಮೀಟರಿನದು ಹಸಿರಾಗಿದ್ದರೆ ದುಬಾರಿ. ಕರಿಮೆಣಸನ್ನು ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತದೆಂಬುದರಿಂದ ಅಳೆಯುತ್ತಾರೆ, ಏಕೆಂದರೆ ಜೊಳ್ಳು ಕಾಳು ಹಗುರ. ಅಡಿಕೆ, ತಂಬಾಕುಗಳಿಗೆ ಪಕ್ಕದ ನಯಾ ಬಾನ್ಸ್ ಬೀದಿಯಿದೆ. 1920ರ ದಶಕದಲ್ಲಿ ವ್ಯಾಪಾರಿ ಲಕ್ಷ್ಮೀನಾರಾಯಣ ಗಾಡೋಡಿಯಾ ಕಟ್ಟಿಸಿದ ಗಾಡೋಡಿಯಾ ಮಾರ್ಕೆಟ್ಟಿನ ಅಂಗಳವನ್ನು ನೋಡಲೇಬೇಕು. ಪಲ್ಲೇದಾರರು, ಅಂದರೆ ಮೂಟೆ ಹೊರುವ ಕೂಲಿಗಳು, ಮೆಣಸಿನಕಾಯಿ ಚೀಲಗಳನ್ನು ಹೊತ್ತು ಅದರ ಮೆಟ್ಟಿಲು ಏರಿ ಇಳಿಯುವಾಗ ಏಳುವ ಧೂಳಿಗೆ ಕೆಮ್ಮದೆ ಅಲ್ಲಿ ನಿಲ್ಲುವುದು ಹೊಸಬರಿಗೆ ಸಾಧ್ಯವಿಲ್ಲ.

ದೆಹಲಿ, ನೋಯ್ಡಾ, ಗುರುಗ್ರಾಮಗಳ ಕನ್ನಡ ಮನೆಗಳವರು ಸಾರಿನಪುಡಿಗೆಂದು ವರ್ಷದ ಕಾಯಿ ಕೊಳ್ಳಲು ಅಲ್ಲಿಗೆ ಹೋಗುವುದಾದರೆ ಅಂಗಡಿಯಲ್ಲಿ ಬ್ಯಾಡಗಿ ಡಬ್ಬಿ ಎಂದೇ ಕೇಳುವುದು ಒಳ್ಳೆಯದು, ಮತ್ತು ಸುಗ್ಗಿಯ ಹೊಸ ಕಾಯಿ ಮಾರುಕಟ್ಟೆ ತುಂಬುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ ಹೋಗುವುದು ಇನ್ನೂ ಒಳ್ಳೆಯದು. ಬಿಸಿಲು, ಬೆಳಕು ಮತ್ತು ತೇವಕ್ಕೆ ಈ ಬಣ್ಣ ಬೇಗ ಮಾಸುತ್ತದೆ. ಮಳೆಗಾಲದ ನಂತರ ಕೊಳ್ಳುವವರು ಕಾಯಿ ಶೀತಲಗೃಹದಿಂದ ಬಂದದ್ದೇ, ಸಾಮಾನ್ಯ ಗೋದಾಮಿನಿಂದ ಬಂದದ್ದೇ ಎಂದು ವಿಚಾರಿಸಿ, ಚೀಲದ ಮೇಲಿನ ಪದರವನ್ನಷ್ಟೇ ನೋಡದೆ ನಡುವಿನಿಂದ ಒಂದು ಹಿಡಿ ತೆಗೆಸಿ ನೋಡಬೇಕು.