ಹವ್ಯಾಸಿಯ ಚಿತ್ರವೂ ಸ್ನೇಹಿತನ ಮಾತೂ



ಛಾಯಾಚಿತ್ರವನ್ನು ತೆಗೆಯುವುದು ಒಂದು ಕಾಲದಲ್ಲಿ ಸಿರಿವಂತರ ವಿನೋದವಾಗಿತ್ತು. ಈಗ ಜೇಬಿನೊಳಗಿನ ಫೋನೇ ಕ್ಯಾಮೆರಾ ಆಗಿರುವುದರಿಂದ ಈ ಹವ್ಯಾಸಕ್ಕೆ ಹಣದ ತಡೆಯಿಲ್ಲ, ಪಟ್ಟಣ ಹಳ್ಳಿಗಳ ಭೇದವೂ ಇಲ್ಲ. ಚಿತ್ರಗಳು ಹೆಚ್ಚಿದಷ್ಟೂ ಒಂದು ಪ್ರಶ್ನೆಯೂ ಹೆಚ್ಚಿದೆ. ಚಿತ್ರವನ್ನು ತೆಗೆದವನು ಅದನ್ನು ನಮ್ಮ ಮುಂದೆ ಹಿಡಿದು, “ಹೇಗಿದೆ?” ಎಂದು ಕೇಳುತ್ತಾನೆ. ನಾವು ಏನೆಂದು ಉತ್ತರ ಕೊಡಬೇಕು? ನಮ್ಮ ಉತ್ತರವನ್ನು ಅವನು ಹೇಗೆ ಸ್ವೀಕರಿಸಬೇಕು? ಈ ಎರಡು ವಿಷಯಗಳನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಸಾಮಾನ್ಯವಾಗಿ ನಮ್ಮಲ್ಲಿ ದೊರೆಯುವ ಉತ್ತರಗಳು ಎರಡೇ. ಒಂದು, “ಬಹಳ ಚೆನ್ನಾಗಿದೆ.” ಮತ್ತೊಂದು, “ಇದರಲ್ಲೇನಿದೆ?” ಮೊದಲನೆಯದು ದಾಕ್ಷಿಣ್ಯದಿಂದ ಹುಟ್ಟುತ್ತದೆ, ಎರಡನೆಯದು ಅನೇಕ ವೇಳೆ ಅಸಡ್ಡೆಯಿಂದ ಹುಟ್ಟುತ್ತದೆ. ಒಂದು ಸಿಹಿ, ಒಂದು ಕಹಿ ಎಂಬ ವ್ಯತ್ಯಾಸವನ್ನು ಬಿಟ್ಟರೆ ಇವೆರಡರಿಂದಲೂ ಆಗುವ ಪ್ರಯೋಜನ ಒಂದೇ: ಏನೂ ಇಲ್ಲ. ಏಕೆಂದರೆ ಎರಡರಲ್ಲಿಯೂ ಚಿತ್ರವನ್ನು ನೋಡಿದ ಗುರುತೇ ಇರುವುದಿಲ್ಲ.

ತೆಗೆದವನಿಗೆ ತನ್ನ ಚಿತ್ರದ ಗುಣದೋಷಗಳು ತಾನಾಗಿಯೇ ತಿಳಿಯಬಾರದೇಕೆ ಎಂದು ಕೆಲವರು ಕೇಳಬಹುದು. ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂಬ ಗಾದೆ ಸುಳ್ಳಲ್ಲ. ಆದರೆ ಇಲ್ಲಿನ ಕಾರಣ ಮಮತೆಯೊಂದೇ ಅಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಸುತ್ತಿನ ಗದ್ದೆಯೊಂದನ್ನು ಒಬ್ಬನು ಮುಂಜಾನೆ ಚಿತ್ರಿಸಿದನೆಂದು ಇಟ್ಟುಕೊಳ್ಳೋಣ. ಆ ಚಿತ್ರವನ್ನು ನೋಡುವಾಗ ಅವನಿಗೆ ಆ ದಿನದ ಚಳಿ, ಒದ್ದೆ ಮಣ್ಣಿನ ವಾಸನೆ, ಕಾಲುವೆಯ ನೀರಿನ ಸದ್ದು, ನಾಟಿ ಹಾಕುವ ಹೆಂಗಸರ ಮಾತು ಎಲ್ಲವೂ ನೆನಪಾಗುತ್ತವೆ. ಅವನು ನೋಡುವುದು ಚಿತ್ರವನ್ನಲ್ಲ, ಆ ಬೆಳಗನ್ನು. ನಮಗಾದರೋ ಕಾಣುವುದು ಕಾಗದದ ಮೇಲಿರುವುದಷ್ಟೆ. ನಡುವೆ ಅಡ್ಡಬಂದ ವಿದ್ಯುತ್ ಕಂಬವನ್ನು ಅವನ ಮನಸ್ಸು ಆಗಲೇ ಅಳಿಸಿಬಿಟ್ಟಿದೆ. ನಮ್ಮ ಕಣ್ಣು ಮೊದಲು ಹೋಗುವುದೇ ಆ ಕಂಬಕ್ಕೆ. ಆದುದರಿಂದ ಪರರ ಕಣ್ಣು ಅವನಿಗೆ ಬೇಕೇಬೇಕು.

ಈ ಪರರ ಕಣ್ಣಿನ ಕೆಲಸ ಕನ್ನಡಿಗರಿಗೆ ಹೊಸತಲ್ಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ, 9ನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದದ ವಿಷಯವೇ ದೋಷಾದೋಷಗಳ ವಿಚಾರ. ಅಲ್ಲಿ ಗ್ರಂಥಕಾರನು ದೋಷವನ್ನು ಹೆಸರಿಸಿ ಸುಮ್ಮನಾಗುವುದಿಲ್ಲ. ತಪ್ಪಿದ ಪದ್ಯವನ್ನು ಕೊಟ್ಟು, ಅದನ್ನು ತಿದ್ದಿದರೆ ಹೇಗಾಗುತ್ತದೆಂಬುದನ್ನೂ ತೋರಿಸುತ್ತಾನೆ. ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕೆ? ದಾರಿ ತಪ್ಪಿತೆಂದು ಕೂಗುವವನು ಬೇರೆ, ಕೈಹಿಡಿದು ದಾರಿಗೆ ತರುವವನು ಬೇರೆ.

ಛಾಯಾಚಿತ್ರದ ವಿಷಯದಲ್ಲಿಯೂ ನಮ್ಮ ನಾಡಿಗೆ ಹಳೆಯ ಚರಿತ್ರೆಯುಂಟು. 1854ನೆಯ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿದ್ದ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದನು. ಮರುವರ್ಷ ಮದರಾಸಿನಲ್ಲಿ ನಡೆದ ಪ್ರದರ್ಶನದಲ್ಲಿ ಅವನು ದೇವಾಲಯಗಳ 68 ಚಿತ್ರಗಳನ್ನಿಟ್ಟಾಗ, ಕಾಗದದ ಮೇಲಿನ ದೃಶ್ಯಚಿತ್ರಗಳ ಮಾಲೆಗಳಲ್ಲಿ ಅದೇ ಅತ್ಯುತ್ತಮವೆಂದು ತೀರ್ಪುಗಾರರು ಸಾರಿದರು. ಇಂದಿಗೂ ಸ್ಪರ್ಧೆಗಳಲ್ಲಿ ತೀರ್ಪು ಸಾಮಾನ್ಯವಾಗಿ ಒಂದು ಅಂಕೆಯ ಅಥವಾ ಒಂದು ಮಾತಿನ ರೂಪದಲ್ಲಿಯೇ ಬರುತ್ತದೆ. ಚಿತ್ರವು ಅಂಗೀಕೃತವಾಯಿತು, ಇಲ್ಲವೆ ತಿರಸ್ಕೃತವಾಯಿತು. ಏಕೆ ಎಂಬುದು ತಿಳಿಯುವುದು ಅಪರೂಪ. ತೀರ್ಪು ಬೇರೆ, ವಿಮರ್ಶೆ ಬೇರೆ. ಆ ‘ಏಕೆ’ಯನ್ನು ಹೇಳುವವರು ದೊರೆಯಬೇಕೆಂದೇ ಹವ್ಯಾಸಿಗಳು ಕೂಟಗಳನ್ನು ಕಟ್ಟಿಕೊಳ್ಳುವುದು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅಂತಹ ಒಂದು ಕೂಟ. ವನ್ಯಜೀವಿಗಳ ಚಿತ್ರಗಳಿಂದ ಪ್ರಖ್ಯಾತರಾದ ಟಿ. ಎನ್. ಎ. ಪೆರುಮಾಳ್ ಅವರೂ ಓ. ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಬಳಿ ಕಲಿತವರೇ. ಮುಂದೆ ತಾವೂ ಅನೇಕ ಕಿರಿಯರಿಗೆ ದಾರಿ ತೋರಿದರು.

ಹೇಳುವ ರೀತಿಗೆ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಶ್ರೀರಂಗಪಟ್ಟಣಕ್ಕೆ ಸಮೀಪದ ರಂಗನತಿಟ್ಟನ್ನು ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದರು. ಅಲ್ಲಿ ದೋಣಿಯಲ್ಲಿ ಕುಳಿತು ಕೊಕ್ಕರೆಗಳನ್ನು ಚಿತ್ರಿಸದ ಹವ್ಯಾಸಿ ನಮ್ಮ ಕಡೆ ವಿರಳ. ಒಬ್ಬನು ಅಂತಹ ಚಿತ್ರವನ್ನು ತಂದು ತೋರಿಸುತ್ತಾನೆ. ಹಕ್ಕಿಯ ಬಿಳಿಯ ಗರಿಗಳು ಸುಣ್ಣ ಬಳಿದಂತೆ ಒಂದೇ ಮುದ್ದೆಯಾಗಿವೆ. ಅಂಚುಗಳು ಸ್ವಲ್ಪ ಅಲುಗಿವೆ. “ಹಕ್ಕಿ ಸರಿಯಾಗಿ ಬಂದಿಲ್ಲ” ಎಂದರೆ ಅವನಿಗೆ ದುಃಖವಾಗುತ್ತದೆಯೇ ಹೊರತು ವಿದ್ಯೆ ಬರುವುದಿಲ್ಲ. “ಹಿಂದಿನ ಪೊದೆ ಕಪ್ಪಾಗಿದ್ದುದರಿಂದ ಕ್ಯಾಮೆರಾ ಬೆಳಕು ಸಾಲದೆಂದು ಭ್ರಮಿಸಿ ಹೆಚ್ಚು ಬೆಳಕನ್ನು ಒಳಗೆ ಬಿಟ್ಟಿದೆ, ಮುಂದಿನ ಸಲ ಬೆಳಕನ್ನು ಒಂದು ಮೆಟ್ಟಿಲು ಇಳಿಸಿ ನೋಡು. ದೋಣಿ ಅಲುಗುತ್ತಿರುವಾಗ ಷಟರಿನ ವೇಗವನ್ನು ಸೆಕೆಂಡಿನ 1,000ದಲ್ಲಿ ಒಂದು ಭಾಗಕ್ಕೆ ಏರಿಸು” ಎಂದರೆ ಅವನು ಮುಂದಿನ ಭಾನುವಾರವೇ ಮತ್ತೆ ಹೋಗುತ್ತಾನೆ. ಆದರೆ ಚಿತ್ರಕ್ಕಾಗಿ ಗೂಡಿನ ಹಕ್ಕಿಯನ್ನು ಬೆದರಿಸಿದ್ದಾನೆಂದು ತಿಳಿದರೆ, ಚಿತ್ರ ಎಷ್ಟೇ ಸೊಗಸಾಗಿರಲಿ, ಅದನ್ನು ದಾಕ್ಷಿಣ್ಯವಿಲ್ಲದೆ ಖಂಡಿಸಬೇಕು. ಕೈಚಳಕದ ದೋಷವನ್ನು ಕ್ಷಮಿಸಬಹುದು; ನಡತೆಯ ದೋಷವನ್ನು ಸುಮ್ಮನೆ ಬಿಡಲಾಗದು.

ಇಷ್ಟಾದರೂ ಮುಖ್ಯವಾದ ಸಂಗತಿಯೊಂದು ಉಳಿಯಿತು. ತಂತ್ರವನ್ನು ಬಲ್ಲವನು ಸಹ ಚಿತ್ರದ ಆಶಯವನ್ನು ತಿಳಿಯದೆ ತೀರ್ಪು ಕೊಟ್ಟರೆ ಅನ್ಯಾಯವಾಗುವುದುಂಟು. ನಮ್ಮ ಶಿಷ್ಯರಲ್ಲೊಬ್ಬ ಅರಕೆರೆಯ ಕಡೆಯ ಹುಡುಗ. ಅವನ ತಂದೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಎದ್ದ ಹಬೆಯ ನಡುವೆ ನಿಂತಿರುವ ತಂದೆಯನ್ನು ಅವನು ಚಿತ್ರಿಸಿ ಒಂದು ಗೋಷ್ಠಿಗೆ ತಂದನು. ಅಲ್ಲಿದ್ದ ಅನುಭವಸ್ಥರೊಬ್ಬರು ಕ್ಷಣಮಾತ್ರ ನೋಡಿ, “ಮುಖವೇ ಕಾಣದ ಮೇಲೆ ಇದೆಂಥ ಚಿತ್ರ?” ಎಂದು ಪಕ್ಕಕ್ಕಿಟ್ಟರು. ಸಭೆ ನಕ್ಕಿತು. ಹುಡುಗ ಮುಂದಿನ ಆರು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ಆ ಬಳಿಕ ಮತ್ತೊಬ್ಬ ಹಿರಿಯರು ಆ ಚಿತ್ರವನ್ನು ತರಿಸಿಕೊಂಡು, ಬಹಳ ಹೊತ್ತು ನೋಡಿ ಕೇಳಿದರು: “ನೀನು ತೆಗೆಯಹೊರಟದ್ದು ತಂದೆಯವರನ್ನೋ ಹಬೆಯನ್ನೋ, ಹೇಳಪ್ಪ?” ಹುಡುಗನೆಂದ: “ಹಬೆಯನ್ನೇ, ಸಾರ್. ನಮ್ಮ ಅಪ್ಪ ದಿನವೆಲ್ಲ ಅದರೊಳಗೇ ಇರ್ತಾರೆ. ನಮಗೂ ಅವರ ಮುಖ ಕಾಣೋದು ರಾತ್ರಿಯೇ.” ಹಿರಿಯರು ಹೇಳಿದರು: “ಹಾಗಾದರೆ ಮುಖ ಕಾಣದಿರುವುದು ದೋಷವಲ್ಲ, ಅದೇ ಚಿತ್ರದ ಅರ್ಥ. ದೋಷವಿರುವುದು ಬಲಗಡೆಯ ಮೂಲೆಯಲ್ಲಿ. ಆ ಬಾಗಿಲಿನ ಬೆಳಕು ಕಣ್ಣನ್ನು ಹೊರಗೆ ಎಳೆಯುತ್ತಿದೆ, ಅಷ್ಟನ್ನು ಕತ್ತರಿಸು.” ಎರಡು ಬೆರಳಗಲ ಕತ್ತರಿಸಿದೊಡನೆ ಚಿತ್ರ ನಿಂತುಕೊಂಡಿತು. ಮರುವರ್ಷ ಆ ಆಲೆಮನೆಯ ಒಲೆ ಹೊತ್ತಲಿಲ್ಲ. ಕಬ್ಬು ಕಾರ್ಖಾನೆಗೆ ಹೋಯಿತು. ಹುಡುಗ ಕ್ಯಾಮೆರಾ ಮುಟ್ಟದಿದ್ದ ತಿಂಗಳುಗಳೇ ಆ ಒಲೆಯ ಕೊನೆಯ ತಿಂಗಳುಗಳು. ಆಗ ತೆಗೆಯಬಹುದಾಗಿದ್ದ ಚಿತ್ರಗಳನ್ನು ಈಗ ಯಾರೂ ತೆಗೆಯಲಾರರು. ಒಂದು ಹಗುರವಾದ ಮಾತಿನ ಬೆಲೆ ಇಷ್ಟು.

ಆದುದರಿಂದ ಹೇಳುವವರಿಗೆ ನಮ್ಮ ಬಿನ್ನಹವಿಷ್ಟು. ಮೊದಲು ನೋಡಿರಿ, ನೋಡಿದ್ದನ್ನು ಹೇಳಿರಿ. ಆಶಯವೇನೆಂದು ಕೇಳಿರಿ. ಸಫಲವಾದ ಭಾಗವನ್ನು ಹೆಸರಿಸಿರಿ. ಅದು ಉಪಚಾರಕ್ಕಾಗಿ ಅಲ್ಲ, ಯಾವುದನ್ನು ಕೆಡಿಸಬಾರದೆಂಬುದು ಅವನಿಗೆ ತಿಳಿಯಲೆಂದು. ದೋಷಗಳು ಹತ್ತಿದ್ದರೂ ಮುಖ್ಯವಾದ ಒಂದೆರಡನ್ನೇ ಎತ್ತಿಕೊಂಡು, ಅದಕ್ಕೆ ಪರಿಹಾರವನ್ನೂ ಸೂಚಿಸಿರಿ. ಚಿತ್ರವನ್ನು ಟೀಕಿಸಿರಿ, ಚಿತ್ರಕಾರನನ್ನಲ್ಲ. ಅವನ ಕ್ಯಾಮೆರಾದ ಬೆಲೆಯನ್ನಂತೂ ಎತ್ತಲೇಬೇಡಿರಿ.

ಕೇಳುವವರಿಗೂ ಒಂದು ಮಾತು. ವಿಮರ್ಶೆ ನಡೆಯುತ್ತಿರುವಾಗ ಸಮರ್ಥನೆಗೆ ತೊಡಗಬೇಡಿರಿ. “ಆ ದಿನ ಮೋಡವಿತ್ತು, ದೋಣಿಯವನು ಅವಸರಪಡಿಸಿದ” ಎಂಬುದು ಸತ್ಯವಾಗಿರಬಹುದು. ಆದರೆ ಚಿತ್ರದ ಜೊತೆಯಲ್ಲಿ ನೀವು ಎಲ್ಲ ಕಡೆಗೂ ಹೋಗಿ ಅದನ್ನು ಹೇಳಲಾಗುವುದಿಲ್ಲ. ಒಬ್ಬರು ಹೇಳಿದ್ದು ಅವರ ರುಚಿಯಿರಬಹುದು. ಮೂವರು ಬೇರೆ ಬೇರೆಯಾಗಿ ಒಂದೇ ಸ್ಥಳಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆಯೆಂದೇ ತಿಳಿಯಿರಿ. ಕೇಳಿದ್ದನ್ನು ಒಂದು ರಾತ್ರಿ ಮನಸ್ಸಿನಲ್ಲಿಟ್ಟುಕೊಂಡು ಮರುದಿನ ಚಿತ್ರವನ್ನು ಮತ್ತೆ ನೋಡಿರಿ. ಒಪ್ಪಿಗೆಯಾದುದನ್ನು ಸ್ವೀಕರಿಸಿರಿ, ಒಪ್ಪಿಗೆಯಾಗದುದನ್ನು ವಿನಯದಿಂದ ಬಿಡಿರಿ. ಎಲ್ಲರ ಮಾತಿನಂತೆ ತಿದ್ದಿದ ಚಿತ್ರ ಕೊನೆಗೆ ಯಾರದೂ ಆಗಿ ಉಳಿಯುವುದಿಲ್ಲ.

“ಹೇಗಿದೆ?” ಎಂದು ಕೇಳುವವನು ನಮ್ಮನ್ನು ನಂಬಿ ಕೇಳುತ್ತಾನೆ. ಆ ನಂಬಿಕೆಗೆ ನಾವು ಕೊಡಬೇಕಾದ ಕಾಣಿಕೆ ದೊಡ್ಡದೇನಲ್ಲ: ಎರಡು ನಿಮಿಷದ ನೋಟ, ಒಂದು ಪ್ರಶ್ನೆ, ಒಂದು ನಿಜವಾದ ಮಾತು.